ಮಾವನ ಪಿಕಪ್ಪಿನ ಎಡಗಡೆ ಬೂಟು

ಇಟ್ಟಮಡುವಿನ ನಮ್ಮ ಬೀದಿಗೆ ಆಗಿನ್ನೂ ಡಾಂಬರು ಬಿದ್ದಿರಲಿಲ್ಲ. ಮನೆಯ ಮುಂದಿನ ಅರ್ಧ ಸೈಟೇ ಅಪ್ಪನ ಗ್ಯಾರೇಜು. ಬೇಸಿಗೆ ರಜೆಯ ಮಧ್ಯಾಹ್ನಗಳಲ್ಲಿ ಅಮ್ಮನ ಹುಳಿಯ ಒಗ್ಗರಣೆ, ಅಪ್ಪನ ಸೀಮೆಎಣ್ಣೆ, ಎರಡರ ವಾಸನೆಯೂ ಒಟ್ಟಿಗೇ ಮೂಗಿಗೆ ಬಡಿಯುತ್ತಿತ್ತು. ಮೆಕ್ಯಾನಿಕ್ಕುಗಳ ಮನೆಯಲ್ಲಿ ಹುಟ್ಟಿದವರಿಗೆ ಆ ವಾಸನೆಯನ್ನು ನಾನು ವಿವರಿಸಬೇಕಾಗಿಲ್ಲ. ಐದನೇ ಕ್ಲಾಸು ಮುಗಿಸಿದ್ದ ಬೇಸಿಗೆಯ ಮಾತಿದು. ಅಪ್ಪನ ಕೈಕೆಲಸದ ಮೇಲೆ ಅಮ್ಮನಿಗಿದ್ದ ನಂಬಿಕೆ ಆ ಬೇಸಿಗೆಯಲ್ಲೇ ಹೋಯಿತು. ಹೋಗುವಂತೆ ಮಾಡಿದವಳು ನಾನು.

ಅಮ್ಮನಿಗೆ ಒಬ್ಬನೇ ತಮ್ಮ, ಸೋಮು ಮಾವ. ಬೋರ್‌ವೆಲ್ಲುಗಳಿಗೆ ಮೋಟರ್ ಇಳಿಸುವುದು, ಕೆಟ್ಟದ್ದನ್ನು ಎತ್ತುವುದು ಅವನ ಕೆಲಸ. ಜೆ.ಪಿ. ನಗರದಾಚೆ, ಹುಳಿಮಾವಿನ ಕಡೆಯೆಲ್ಲ ಆಗ ಲೇಔಟುಗಳು ಏಳುತ್ತಿದ್ದವು. ರಸ್ತೆ ಬರುವ ಮೊದಲೇ ಬೋರು ಬರುತ್ತಿತ್ತು. ಆ ಹಳ್ಳದಿಣ್ಣೆಗಳಲ್ಲಿ ಪೈಪು ಹೊತ್ತು ಹೋಗಲೆಂದು ಮಾವ ನಾಲ್ಕೂ ಚಕ್ರ ಎಳೆಯುವ ಹಳೆಯ ಫೋರ್‌ವೀಲ್ ಪಿಕಪ್ಪೊಂದನ್ನು ಕೊಂಡು, ಅದನ್ನು ಇನ್ನಷ್ಟು ಎತ್ತರ ಮಾಡಿಸಿ, ದೊಡ್ಡ ಟೈರು ಹಾಕಿಸಿಕೊಂಡು ಬಂದ. ಅದಕ್ಕೆ ಹತ್ತಬೇಕಾದರೆ ನನ್ನನ್ನು ಎತ್ತಿ ಕೂರಿಸಬೇಕಿತ್ತು. ಬೀದಿಯ ಮಕ್ಕಳೆಲ್ಲ ಬಾಯಿಬಿಟ್ಟುಕೊಂಡು ನೋಡುತ್ತಿದ್ದರೆ ನನಗೆ ಎರಡು ಕೊಂಬು ಮೂಡಿದ ಹಾಗಾಗುತ್ತಿತ್ತು.

ಅಪ್ಪನಿಗೆ ಮಾತ್ರ ಅದು ಸರಿಬರಲಿಲ್ಲ.

“ಇಷ್ಟು ಎತ್ತರ ಮಾಡ್ಸಬಾರ್ದಿತ್ತು ಸೋಮು. ಆಕ್ಸಲ್ ಓರೆ ಆಗೋಯ್ತು ನೋಡು. ಬೂಟ್ ತಡ್ಕೊಳಲ್ಲ.”

“ನೀವಿದ್ದೀರಲ್ಲ ಭಾವ, ನಂಗ್ಯಾಕೆ ಯೋಚ್ನೆ?”

ಇಲ್ಲಿ ಬೂಟು ಎಂದರೆ ಕಾಲಿಗೆ ಹಾಕುವುದಲ್ಲ. ಮುಂದಿನ ಚಕ್ರವನ್ನು ತಿರುಗಿಸುವ ಆಕ್ಸಲ್ಲಿಗೆ ಒಂದು ಕೀಲಿರುತ್ತದೆ. ಅದರ ಮೇಲೆ ಹಾರ್ಮೋನಿಯಂ ತಿದಿಯ ಹಾಗೆ ಮಡಿಕೆ ಮಡಿಕೆಯಾದ ರಬ್ಬರ್ ಚೀಲ, ಒಳಗೆ ಗ್ರೀಸು, ಎರಡೂ ತುದಿಗೆ ಬಿಗಿದ ತಗಡಿನ ಪಟ್ಟಿ. ಗಾಡಿ ಎತ್ತರವಾದಷ್ಟೂ ಕೀಲು ಓರೆಯಾಗುತ್ತದೆ, ಮಡಿಕೆಗೆ ಮಡಿಕೆ ಉಜ್ಜಿ ರಬ್ಬರು ಹರಿಯುತ್ತದೆ. ಹರಿದರೆ ಗ್ರೀಸು ಹೊರಗೆ, ಮಣ್ಣು ಒಳಗೆ. ಆಮೇಲೆ ಕೀಲಿನ ಕಥೆ ಮುಗಿಯಿತು.

ಯುಗಾದಿಯಿಂದೀಚೆಗೆ ಅಪ್ಪ ಮೂರು ಸಲ ಬೂಟು ಬದಲಿಸಿದ್ದ. ಆಕ್ಸಲ್ ಹೊರಗೆಳೆದು, ಕೀಲನ್ನು ಸೀಮೆಎಣ್ಣೆಯಲ್ಲಿ ತೊಳೆದು, ಅದರೊಳಗಿನ ಗುಂಡುಗಳನ್ನು ಒಂದೊಂದೇ ಬೆಳಕಿಗೆ ಹಿಡಿದು ನೋಡಿ, ಹೊಸ ಗ್ರೀಸನ್ನು ಬೆರಳಿನಿಂದಲೇ ಒತ್ತಿ ತುಂಬುತ್ತಿದ್ದ. ಪಟ್ಟಿ ಬಿಗಿದ ಮೇಲೆ ಉಗುರಿನಿಂದ ಸುತ್ತಲೂ ಗೀರಿ ನೋಡುತ್ತಿದ್ದ. “ನಮ್ಮ ಭಾವ ಕಟ್ಟಿದ ಬೂಟು ಬಿಚ್ಕೊಳ್ಳೋ ಮಾತೇ ಇಲ್ಲ” ಎಂದು ಮಾವ ಊರೆಲ್ಲ ಸಾರುತ್ತಿದ್ದ. ಅದನ್ನು ಕೇಳಿದಾಗ ಅಮ್ಮನ ಮುಖ ಅರಳುತ್ತಿತ್ತು.

ನನಗೆ ಮಾತ್ರ ಬೂಟಿನ ಕೆಲಸವೆಂದರೆ ಆಗುತ್ತಿರಲಿಲ್ಲ. ಜೆ.ಸಿ. ರೋಡಿನಿಂದ ಸಾಮಾನು ಬರುವವರೆಗೆ ಎರಡು ಮೂರು ದಿನ ಪಿಕಪ್ಪು ಜಾಕಿನ ಮೇಲೆ, ನಾನು ಪಡಸಾಲೆಯಲ್ಲಿ ಚೌಕಾಬಾರದ ಮುಂದೆ. ಗಾಡಿ ಓಡುವ ದಿನ ಮಾವ ನನ್ನನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೋಗುತ್ತಿದ್ದ, ಉಪ್ಪುಖಾರ ಹಚ್ಚಿದ ತೋತಾಪುರಿ ಕೊಡಿಸುತ್ತಿದ್ದ. ಗುಂಡಿಗಿಳಿದು ಗಾಡಿ ಒಲೆದಾಡಿದರೆ ನಾನು ಕಿರುಚಬೇಕು, ಅವನು ನಗಬೇಕು. ಅಷ್ಟು ಸುಖವನ್ನು ನಾನು ಆಮೇಲೆ ಯಾವ ವಿಮಾನದಲ್ಲೂ ಕಾಣಲಿಲ್ಲ.

ಮೂರನೇ ಸಲ ಬೂಟು ಹಾಕಿದ ಮೇಲೆ ಅಪ್ಪ ನನಗೊಂದು ಕೆಲಸ ಹಚ್ಚಿದ. ಅವನಿಗೆ ಬೆನ್ನುನೋವು, ದಿನಾ ಬಗ್ಗಲಾಗದು. ಬೆಳಿಗ್ಗೆ ಮಾವ ಹೊರಡುವ ಮುಂಚೆ ನಾನು ಗಾಡಿಯಡಿ ನುಸುಳಿ ಮುಂದಿನ ಚಕ್ರಗಳ ಒಳಮೈ ನೋಡಬೇಕು. ಬೂಟು ಹರಿದಿದ್ದರೆ ಗ್ರೀಸು ಅಲ್ಲಿ ಸಿಡಿದಿರುತ್ತದೆ.

“ಪುಟ್ಟೀ, ಬೂಟ್ ನೋಡಿದ್ಯಾ?”

“ನೋಡ್ದೆ ಅಪ್ಪ. ಒಣಗಿದೆ.”

ಒಣಗಿದೆ ಎಂದರೆ ಕ್ಷೇಮ ಎಂದರ್ಥ.

ಒಂದು ಬೆಳಿಗ್ಗೆ ಒಣಗಿರಲಿಲ್ಲ. ಎಡಚಕ್ರದ ಒಳಗೆ ಕಾಡಿಗೆ ತೀಡಿದಂತೆ ಗ್ರೀಸಿನ ಒಂದು ಗೆರೆ. ಅಂದೇ ಮಾವ ಹೊಸ ಬೋರಿನಿಂದ ನೀರು ಚಿಮ್ಮುವುದನ್ನು ತೋರಿಸುತ್ತೇನೆ ಅಂದಿದ್ದ. ನಾನು ಅಪ್ಪನ ಸೀಮೆಎಣ್ಣೆ ಬಟ್ಟೆ ತಂದು ಒರೆಸಿದೆ. ಫ್ರಾಕಿನಿಂದ ಒರೆಸಿದರೆ ಕಲೆ ನೋಡಿ ಅಮ್ಮ ಕೇಳುತ್ತಾಳೆಂಬ ಬುದ್ಧಿಯೂ ಇತ್ತು ನನಗೆ. ಹೊರಗೆ ಬಂದು “ಒಣಗಿದೆ” ಅಂದೆ.

ಮರುದಿನ ಹೇಳಿಬಿಡೋಣ ಅನ್ನಿಸಿತು. ಹೇಳಿದರೆ ನಿನ್ನೆಯ ಸುಳ್ಳೂ ಹೊರಬೀಳುತ್ತದೆ. ಹೀಗೆ ಹನ್ನೆರಡು ದಿನ ಒರೆಸಿದೆ. ಕೊನೆಗೆ ಒರೆಸುವುದಕ್ಕೆ ಏನೂ ಉಳಿಯಲಿಲ್ಲ, ಒಳಗಿದ್ದ ಗ್ರೀಸೆಲ್ಲ ಖಾಲಿಯಾಗಿತ್ತು. ಆಗ ನಿಜಕ್ಕೂ ಒಣಗಿತ್ತು.

ಅಷ್ಟರಲ್ಲಿ ತಿರುವುಗಳಲ್ಲಿ ಮುಂದುಗಡೆಯಿಂದ ಟಕ್ ಟಕ್ ಎಂದು ಸದ್ದು ಶುರುವಾಗಿತ್ತು. ಮಾವ ಕಿವಿಗೊಟ್ಟು ಕೇಳಿದ.

“ಏನೋ ಸದ್ದು ಬರ್ತಿದೆಯಲ್ಲೇ. ಬೂಟಂತೂ ಅಲ್ಲ ಬಿಡು. ಭಾವ ಕಟ್ಟಿರೋದು, ನೀನು ದಿನಾ ನೋಡ್ತೀಯ.”

ನಾನು ಮಾವಿನಕಾಯಿ ಕಡಿಯುತ್ತಾ ಕೂತಿದ್ದೆ.

ಯೂನಿಫಾರಂ ಕೊಡಿಸಲು ಅಮ್ಮ ನನ್ನನ್ನು ಜಯನಗರ ನಾಲ್ಕನೇ ಬ್ಲಾಕಿಗೆ ಕರೆದುಕೊಂಡು ಹೋದ ದಿನ ಮಾವ ಒಬ್ಬನೇ ಹೋದ. ಹುಳಿಮಾವು ಕೆರೆಯ ಹತ್ತಿರ ಒಂದು ಏರಿನಲ್ಲಿ, ಹಿಂದೆ ಪೈಪಿನ ಲೋಡು ಇರುವಾಗ, ಎಡಗಡೆಯ ಕೀಲು ಮುರಿಯಿತು. ಎಳೆತ ತಪ್ಪಿದ ಗಾಡಿ ಹಿಂದಕ್ಕೆ ಜಾರಿ ಮಗುಚಿತು. ಹೊರಗೆ ಹಾರಿದ ಮಾವನ ಬಲಗಾಲಿನ ಮೇಲೆ ಕಬ್ಬಿಣದ ಪೈಪುಗಳು ಉರುಳಿದವು. ಮಂಡಿಯ ಕೆಳಗೆ ಕತ್ತರಿಸಿದರು. ಮಾವನಿಗೆ ನಿಶ್ಚಯವಾಗಿದ್ದ ಮದುವೆ ಮುರಿದುಬಿತ್ತು.

ಪಿಕಪ್ಪನ್ನು ನಮ್ಮ ಮನೆಯ ಮುಂದಕ್ಕೇ ಎಳೆದು ತಂದರು. ಅಪ್ಪ ಬೆನ್ನುನೋವನ್ನೂ ಲೆಕ್ಕಿಸದೆ ಅದರಡಿ ಮಲಗಿ ಬೂಟು ಬಿಚ್ಚಿದ. ಅವನ ಅಂಗೈಗೆ ಬಿದ್ದದ್ದು ಒಣಮಣ್ಣು ಮತ್ತು ಉಕ್ಕಿನ ಪುಡಿ. ಬಹಳ ಹೊತ್ತು ಮೇಲೇಳಲಿಲ್ಲ. ಎದ್ದ ಮೇಲೆ ನನ್ನನ್ನು ಕರೆದ.

“ಪುಟ್ಟೀ, ದಿನಾ ನೋಡ್ತಿದ್ದೆ ತಾನೆ?”

“ಹೂಂ ಅಪ್ಪ.”

“ಒಣಗಿತ್ತಾ?”

“ಹೂಂ.”

ಅಮ್ಮ ಬಾಗಿಲಲ್ಲಿ ನಿಂತಿದ್ದಳು. ಅಪ್ಪ ಅವಳ ಕಡೆ ತಿರುಗಿ, “ನಾನೇ ಪಟ್ಟಿ ಸರಿಯಾಗಿ ಬಿಗಿದಿಲ್ಲ ಕಣೇ. ಅವತ್ತು ಏರು ಹತ್ತುವಾಗ್ಲೇ ಬಿಚ್ಕೊಂಡಿದೆ” ಅಂದ.

“ನಿಮ್ಮ ಕೈ ನಂಬ್ಕೊಂಡು ಹೋದ್ನಲ್ರೀ ನನ್ನ ತಮ್ಮ!”

ಅಮ್ಮ ಅತ್ತದ್ದಕ್ಕಿಂತ, ಅಪ್ಪ ಅದೇ ಸೀಮೆಎಣ್ಣೆ ಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತಾ ನಿಂತದ್ದು ನನಗೆ ಹೆಚ್ಚು ಭಯ ಹುಟ್ಟಿಸಿತು. ಭಯದಲ್ಲೂ ನಾನು ಬಾಯಿ ಬಿಡಲಿಲ್ಲ.

ಆಮೇಲೆ ಅಪ್ಪ ಆಕ್ಸಲ್ ಮುಟ್ಟಲಿಲ್ಲ. ವರ್ಷದೊಳಗೆ ಗ್ಯಾರೇಜು ಮುಚ್ಚಿ, ಬನಶಂಕರಿಯಲ್ಲಿ ಸ್ಪೇರ್ ಪಾರ್ಟ್ಸ್ ಅಂಗಡಿಯೊಂದರ ಕೌಂಟರಿನಲ್ಲಿ ನಿಂತ. ಮನೆಯ ನಲ್ಲಿಗೆ ವಾಷರ್ ಹಾಕುವುದಕ್ಕೂ ಅಮ್ಮ ಅವನೆದುರಿಗೇ ಹೊರಗಿನವರನ್ನು ಕರೆಸುತ್ತಿದ್ದಳು. ಬಂದವರಿಗೆ ಅಪ್ಪ ಟಾರ್ಚು ಹಿಡಿದುಕೊಂಡು ನಿಲ್ಲುತ್ತಿದ್ದ.

ಅವನು ಹೋಗಿ ಮೂರು ವರ್ಷವಾಯಿತು. ನನ್ನ ಮಾತು ನಂಬಿ ಮೋಸಹೋದನೆಂದೇ ನಾನು ತಿಳಿದಿದ್ದೆ. ಹೋದ ವರ್ಷ ನನ್ನ ಕಾರಿನ ಬೂಟು ಹರಿಯಿತು. ಜೆ.ಪಿ. ನಗರದ ಮೆಕ್ಯಾನಿಕ್ ಕೀಲನ್ನು ನನ್ನ ಮುಂದೆ ಹಿಡಿದು, “ಇದು ನಿನ್ನೆ ಮೊನ್ನೆದಲ್ಲ ಮೇಡಂ. ಗುಂಡು ಸವೆದಿರೋದು ನೋಡಿ, ಹತ್ತು ಹದಿನೈದು ದಿನ ಗ್ರೀಸಿಲ್ದೆ ಓಡಿದೆ” ಅಂದ. ಒಂದು ನಿಮಿಷ ನೋಡಿ ಅವನು ಹೇಳಿದ್ದು ಅಪ್ಪನಿಗೆ ತಿಳಿಯದೆ ಇರುತ್ತದೆಯೇ? ಪಿಕಪ್ಪಿನಡಿ ಮಲಗಿದ್ದಾಗಲೇ ಅವನಿಗೆ ಎಲ್ಲ ಗೊತ್ತಾಗಿತ್ತು. ಗೊತ್ತಿದ್ದೂ ನನಗೆ ಎರಡು ಸಲ ಅವಕಾಶ ಕೊಟ್ಟ. ನಾನು ಹೇಳಲಿಲ್ಲವೆಂದು ತಪ್ಪನ್ನು ತನ್ನ ಕೈಗೆ ಹಾಕಿಕೊಂಡ, ಸಾಯುವವರೆಗೂ.

ಮಾವನ ಕಾಲು ಎಲ್ಲಿಯವರೆಗೆ ಹೋಯಿತೆಂದು ಆಸ್ಪತ್ರೆಯವರು ಅಳೆದು ಹೇಳಿದ್ದರು. ಅಪ್ಪನದು ಎಷ್ಟು ಹೋಯಿತೆಂದು ಬಲ್ಲವಳು ನಾನೊಬ್ಬಳೇ.

ಮೊನ್ನೆ ಅಪ್ಪನ ತಿಥಿ. ಮಾವ ಊರುಗೋಲನ್ನು ಗೋಡೆಗೆ ಒರಗಿಸಿ ಎಲೆಯ ಮುಂದೆ ಕೂತಿದ್ದ. ಅಮ್ಮ ಅನ್ನ ಬಡಿಸುತ್ತಾ, “ದೇವರಂಥ ಮನುಷ್ಯ. ಕೈ ಒಂದು ನಂಬೋ ಹಾಗಿರ್ಲಿಲ್ಲ, ಅಷ್ಟೆ” ಅಂದಳು.

ಮಾವ ಅನ್ನ ಕಲಸತೊಡಗಿದ. ನನಗೆ ಮಾತು ನಾಲಿಗೆಯ ತುದಿಗೆ ಬಂತು. ಅಮ್ಮನಿಗೆ ಎಪ್ಪತ್ತಾಯಿತು, ಇನ್ನೆಷ್ಟು ತಿಥಿಗಳಿಗೆ ಅವಳಿರುತ್ತಾಳೋ.

“ಇನ್ನೊಂದು ವಡೆ ಹಾಕ್ಲಾ ಮಾವ?” ಅಂದೆ.