ಪರೇಲ್‌ನಲ್ಲಿ ಇಳಿಯದ ಹೆಂಗಸು

ಪರೇಲ್ ಬಂತು. ಇಳಿಯಲೆಂದು ಲೋಕಲ್ ರೈಲಿನ ಬಾಗಿಲ ಬಳಿ ನಿಂತಿದ್ದ ಹೆಂಗಸು ಇಳಿಯಲೇ ಇಲ್ಲ. ತಿರುಗಿ ನಮ್ಮನ್ನೇ ನೋಡುತ್ತ ನಿಂತರು.

ಐವತ್ತರ ದಶಕದ ಮಾತು. ಫೋರ್ಟಿನ ಕಚೇರಿಯೊಂದರಲ್ಲಿ ಗುಮಾಸ್ತರಾಗಿದ್ದ ನಾನೂ ಗೆಳೆಯ ವಾಸುವೂ ಬೆಳಗಿನ ಪ್ರಯಾಣದಲ್ಲಿ ಇಂಗ್ಲಿಷನ್ನೇ ಆಡಬೇಕೆಂದು ಪಣ ತೊಟ್ಟಿದ್ದೆವು. ಅಂದಿನ ಪಾಠ ‘ಲುಕ್’. ಅದರ ಬಾಲಕ್ಕೆ ಅಂಟುವ ಪುಟ್ಟ ಪದಗಳಲ್ಲಿ ವಾಸು ಮತ್ತೆ ಮತ್ತೆ ಎಡವುತ್ತಿದ್ದ. ರೇಗಿಹೋಗಿ ಕನ್ನಡಕ್ಕೇ ಇಳಿದಿದ್ದೆ: “ಲುಕ್ ಆಫ್ಟರ್ ಅಂದ್ರೆ ನೋಡಿಕೊಳ್ಳುದು ಮಾರಾಯ. ಲುಕ್ ಫಾರ್ ಅಂದ್ರೆ ಹುಡುಕುದು!”

ಆಕೆ ಹತ್ತಿರ ಬಂದದ್ದು ಕಂಡು ಪಾಠ ನಿಲ್ಲಿಸಿದೆ.

“ನಿಲ್ಲಿಸ್ಬೇಡಿ ಮಾರಾಯ್ರೆ,” ಎಂದರು. “ಇಲ್ಲಿ ಒಂದು ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕೆಲಸ ನಂದು. ನಮ್ಮ ಭಾಷೆಯವರು ಅಲ್ಲಿ ಯಾರೂ ಇಲ್ಲ. ಸ್ಟೇಷನ್ ಹೋದ್ರೆ ಹೋಗ್ಲಿ, ಇನ್ನೊಂದು ಹೇಳಿ.”

“ಲುಕ್ ಫಾರ್ವರ್ಡ್ ಟು ಅಂದ್ರೆ ಎದುರು ನೋಡುದು,” ಎಂದೆ.

“ಎದುರು ನೋಡುದು,” ಎಂದು ಆಕೆ ಕನ್ನಡದ ಮಾತನ್ನಷ್ಟೇ ಮೆಲ್ಲಗೆ ಹೇಳಿಕೊಂಡರು. ಕೊನೆಯ ಸ್ಟೇಷನ್ ಬೋರಿಬಂದರಿನವರೆಗೂ ನಮ್ಮ ಪಾಠ ಕೇಳಿ, ಅಲ್ಲಿಂದ ವಾಪಸು ಹೋಗುವ ಲೋಕಲ್ ಹತ್ತಿದರು.

ನಮ್ಮ ಪಣ ಅಂದೇ ಮುರಿಯಿತು. ಮರುದಿನದಿಂದ ದಾದರ್ ದಾಟುತ್ತಲೇ ನಾನು ಬೇಕೆಂದೇ ದನಿಯೆತ್ತಿ ಒಂದೊಂದು ಪದಕ್ಕೂ ಕನ್ನಡದಲ್ಲಿ ಅರ್ಥ ಹೇಳುತ್ತಿದ್ದೆ. ಪರೇಲ್‌ನಲ್ಲಿ ಇಳಿಯುವವರೆಲ್ಲ ಇಳಿದುಹೋಗುತ್ತಿದ್ದರು. ಬಾಗಿಲ ಬಳಿ ಮತ್ತೆ ಯಾರೂ ತಿರುಗಿ ನಿಲ್ಲಲಿಲ್ಲ.