ಹಲಗೆ ಕಿತ್ತು ನೆಟ್ಟವನು

ಗದ್ದೆಗೆ ಸೊಪ್ಪು ತುಳಿಯುವುದರಲ್ಲಿ ಕೊಂಬೈ ಊರಿನ ಪೊನ್ನಮ್ಮಾಳನ್ನು ಮೀರಿಸುವವರಿರಲಿಲ್ಲ. ಗುಡ್ಡದ ಬುಡದ ಸೊಪ್ಪಿನ ತೋಪಿನಿಂದ ಹೊಂಗೆ, ಆವರಿಕೆ ಹೊತ್ತು ತಂದು ಕೆಸರಿಗೆ ತುಳಿದಳೆಂದರೆ ಭತ್ತ ಬಾಗಿ ತೂಗಬೇಕು, ಹಾಗೆ. ತೋಪು ಊರಿಗೆಲ್ಲ ಸೇರಿದ್ದು. ಅದರ ನೆರಳಿನ ಒರತೆ ಕಡುಬೇಸಿಗೆಯಲ್ಲೂ ದನಗಳಿಗೆ ನೀರು ಕೊಡುತ್ತಿತ್ತು. ಕೊಂಬೆ ಸವರಬಹುದು, ಬುಡಕ್ಕೆ ಕೊಡಲಿ ಹಾಕುವಂತಿಲ್ಲ. ಹಾಕಿದವನ ಜನ್ಮ ಜಾಲಾಡಲು ಪೊನ್ನಮ್ಮಾಳ್ ಇದ್ದಳಲ್ಲ!

ಅರವತ್ತಾರನೇ ಇಸವಿಯಲ್ಲಿ ಅವಳ ಅಣ್ಣನ ಮಗ ಸೇಕರ್ ಗ್ರಾಮಸೇವಕನಾಗಿ ಬಂದ. ತಾಯಿಯಿಲ್ಲದ ಅವನನ್ನು ಸಾಕಿ ಬೆಳೆಸಿದವಳು ಇವಳೇ. "ಅತ್ತೇ, ಅರ್ಧ ಗದ್ದೆ ಕೊಡು, ಸೀಮೆಗೊಬ್ಬರ ಹಾಕಿ ತೋರಿಸ್ತೀನಿ" ಎಂದ. ಕೊಟ್ಟಳು. ಊರಿಂದ ದೂರದ ಮೂಲೆಗದ್ದೆ ಅದು, ಯಾರೂ ಅತ್ತ ಹಾಯುತ್ತಿರಲಿಲ್ಲ. ತನ್ನ ಅರ್ಧದಲ್ಲಿ ಅವನು 'ಸೀಮೆಗೊಬ್ಬರದ ಬೆಳೆ' ಎಂದು ಬರೆದ ಸರ್ಕಾರದ ಹಲಗೆ ನೆಟ್ಟ. ಮೊದಲೇ ಆತುರಗಾರ, ಹೇಳಿದ್ದಕ್ಕಿಂತ ಎರಡು ಪಟ್ಟು ಗೊಬ್ಬರ ಸುರಿದ. ಪೈರು ಎದೆಯೆತ್ತರ ಬೆಳೆದು, ತೆನೆ ಕಟ್ಟುವ ಹೊತ್ತಿಗೆ ಮಕಾಡೆ ಮಲಗಿತು.

ಅಧಿಕಾರಿಗಳ ಜೀಪು ಬರುವ ದಿನ ಬೆಳಗ್ಗೆ ನೋಡುತ್ತಾಳೆ, ಹಲಗೆ ಅವಳ ಸೊಪ್ಪಿನ ಅರ್ಧದಲ್ಲಿ ನಿಂತಿದೆ!

"ಯಾಕ್ಲಾ ಮಗಾ, ಹಲಗೆಗೇನು ಕಾಲು ಬಂತಾ?"

"ಸುಮ್ಕಿರತ್ತೆ, ನನ್ ಕೆಲ್ಸ ಹೋದಾತು. ಇವತ್ತೊಂದಿನ."

ಸಾಕಿದ ಮಗ ಎಂದು ಹಲಗೆಯನ್ನು ಅಲ್ಲೇ ಬಿಟ್ಟಳು. ಅಧಿಕಾರಿಗಳು ಅವಳ ತೆನೆ ಹಿಡಿದು ಅವನ ಬೆನ್ನು ತಟ್ಟಿದರು. ಅಂದಿನಿಂದ ಊರವರೂ ಅವನನ್ನು ಸಾರ್ ಎನ್ನತೊಡಗಿದರು.

ವಾರ ಕಳೆಯುವುದರೊಳಗೆ ಊರು ಸೇರಿತು. "ಇನ್ನು ಸೊಪ್ಪು ಯಾತಕ್ಕೆ? ತೋಪು ಕಡ್ದು ಹತ್ತಿ ಹಾಕನ, ಕರೆಂಟ್ ಪಂಪು ಇಡನ" ಎಂದ ಊರ ಹಿರಿಯ ಮಾಯಾಂಡಿ. ಪೊನ್ನಮ್ಮಾಳ್ ಎದ್ದಳು. ಆ ತೆನೆ ಸೊಪ್ಪಿನದು, ಹಲಗೆ ಕಿತ್ತು ನೆಟ್ಟದ್ದು ಎಂದು ಇದ್ದದ್ದನ್ನು ಇದ್ದಂತೆ ಹೇಳಿದಳು. ಎಲ್ಲರೂ ಸೇಕರನತ್ತ ತಿರುಗಿದರು. ಅವನು ಹೂಂ ಅಂದಿದ್ದರೆ ಸಾಕಿತ್ತು, ತೋಪು ಉಳಿಯುತ್ತಿತ್ತು.

"ಅತ್ತೆಗೆ ವಯಸ್ಸಾತು" ಎಂದ ಸೇಕರ್, ನೆಲ ನೋಡುತ್ತ. "ಯಾವ ಕಡೆ ಯಾವ್ದು ಅಂತ ಮರೆವು."

ಜನ ಗೊಳ್ಳೆಂದು ನಕ್ಕರು. ತನ್ನ ಗದ್ದೆ ತನಗೇ ಮರೆವಂತೆ! ಯಾರ ಕೆಲಸ ಉಳಿಯಲೆಂದು ಬಾಯಿ ಕಟ್ಟಿಕೊಂಡಿದ್ದಳೋ ಅವನೇ ಅವಳನ್ನು ಮರುಳಿಯನ್ನಾಗಿ ಮಾಡಿದ್ದ. ತೋಪು ಕಡಿಯುವ ದಿನ ಅಲ್ಲೇ ನಿಗದಿಯಾಯಿತು.

ಮಧ್ಯಾಹ್ನ ಸೇಕರ್ ಎಂದಿನಂತೆ ಉಣ್ಣಲು ಬಂದು ಅಡುಗೆಮನೆಗೆ ನುಗ್ಗಿದ. ಪೊನ್ನಮ್ಮಾಳ್ ಬಾಗಿಲಿಗೆ ಅಡ್ಡ ನಿಂತಳು. ಹೊರಗೆ ಜಗಲಿಯ ಮೇಲೆ ಚಾಪೆ ಹಾಸಿ, ಚೊಂಬಿನಲ್ಲಿ ನೀರಿಟ್ಟಳು.

"ಒಳಗ್ಯಾಕೆ ಬರ್ತೀರಿ?" ಎಂದಳು. "ಇಲ್ಲೇ ಕೂತ್ಕಳಿ, ಸಾರ್."