ಎಳೆಯಬೇಡಿ, ಒತ್ತಿ

ಪಶುವೈದ್ಯನಾಗಿ ಬಂದೂಕು ಯಾಕೆ ಕಲಿತೆ ಎಂದು ಕೇಳುವವರನ್ನು ಕಂಡರೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ. ಆ ಪ್ರಶ್ನೆ ಕೇಳುವಾಗ ಅವರ ತುಟಿಯ ತುದಿಯಲ್ಲಿ ಒಂದು ನಗೆ ಇರುತ್ತದೆ, ಸಿಟ್ಟು ಅದಕ್ಕೆ. ನಮ್ಮದು ಬಿಜಾಪುರದ ಕಡೆಯ ಮನೆತನ. ತತ್ತಿ ಬೇಯಿಸಿದ ಪಾತ್ರೆ ನಮ್ಮ ಅಡುಗೆಮನೆಯ ಹೊಸ್ತಿಲು ದಾಟಿದ್ದಿಲ್ಲ. ಅಂಥ ಮನೆಯವನು ನಾನು ಅಬುಧಾಬಿಯ ಮರಳಿನಲ್ಲಿ ಬೋರಲು ಮಲಗಿ, ರೈಫಲ್ಲಿನ ಹಿಂಬದಿಗೆ ಕೆನ್ನೆ ಒತ್ತಿ, ಉಸಿರು ಬಿಡುವುದನ್ನು ಮೊದಲಿನಿಂದ ಕಲಿತೆ. ನಗುವವರು ನಗಲಿ.

ತೊಂಬತ್ತರ ದಶಕದ ಕೊನೆಯ ವರ್ಷಗಳು ಅವು. ಮುಸಫ್ಫಾದ ವರ್ಕ್‌ಶಾಪುಗಳನ್ನು ದಾಟಿ ಒಳನಾಡಿನ ಕಡೆಗೆ ಬಹಳ ದೂರ ಹೋದರೆ ಒಂದು ಶ್ರೀಮಂತ ಕುಟುಂಬದ ಫಾರ್ಮ್ ಇತ್ತು. ಫಾರ್ಮ್ ಎಂದರೆ ಹೊಲವಲ್ಲ, ಎತ್ತರದ ತಂತಿಬೇಲಿಯೊಳಗೆ ಸೇರಿಸಿಕೊಂಡ ಮರುಭೂಮಿ. ಒಳಗೆ ಗಸೆಲ್ ಎಂಬ ಸಣ್ಣ ಜಿಂಕೆಗಳ ದೊಡ್ಡ ಹಿಂಡು. ಬಯಲಿನಲ್ಲಿ ಬೇಟೆಗೆ ನಿಷೇಧವಿತ್ತು. ಬೇಲಿಯೊಳಗೆ ಸಾಕಿದ್ದು ಯಜಮಾನರದೇ ಸೊತ್ತು. ಚಳಿಗಾಲದಲ್ಲಿ ಅತಿಥಿಗಳು ಬಂದಾಗ ಹೆಚ್ಚಾದ ಗಂಡುಗಳನ್ನು ಹೊಡೆದು ಊಟಕ್ಕೆ ಬಡಿಸುತ್ತಿದ್ದರು. ಯಜಮಾನರನ್ನು ನಾವು ಕೆಲಸದವರೆಲ್ಲ ಅರ್ಬಾಬ್ ಎನ್ನುತ್ತಿದ್ದೆವು. ವಾರವೆಲ್ಲ ನಾನು ಅಲ್ಲಿನ ಪೋರ್ಟಾ ಕ್ಯಾಬಿನ್ ಎಂಬ ತಗಡಿನ ಕೋಣೆಯಲ್ಲಿ ಇರುತ್ತಿದ್ದೆ. ಗುರುವಾರ ಮಧ್ಯಾಹ್ನ ಟೂರಿಸ್ಟ್ ಕ್ಲಬ್ ಏರಿಯಾದ ಫ್ಲ್ಯಾಟಿಗೆ, ಹೆಂಡತಿಯ ಹತ್ತಿರ ಬರುತ್ತಿದ್ದೆ.

ಒಂದು ಬೇಸಿಗೆಯಲ್ಲಿ ಹಿಂಡಿಗೆ ರೋಗ ಬಿತ್ತು. ಮೂಗು ಸೋರಿಸುತ್ತ, ಕಾಲೆಳೆಯುತ್ತ ಜಿಂಕೆಗಳು ಗುಂಪಿನಿಂದ ಹಿಂದೆ ಉಳಿಯತೊಡಗಿದವು. ಅವನ್ನು ಹಿಡಿದು ಸೂಜಿ ಚುಚ್ಚಬಹುದಲ್ಲ ಎಂದು ಗೊತ್ತಿಲ್ಲದವರು ಹೇಳುತ್ತಾರೆ. ಗಸೆಲ್ಲನ್ನು ಅಟ್ಟಿಸಿಕೊಂಡು ಹೋದರೆ ಅದರ ಸ್ನಾಯುಗಳು ಒಳಗೇ ಬೆಂದುಹೋಗುತ್ತವೆ, ಹಿಡಿದ ಮೇಲೂ ನರಳಿ ನರಳಿ ಸಾಯುತ್ತದೆ. ಅದು ಕಾಣದಂತೆ ದೂರದಿಂದ ಬರುವ ಒಂದು ಗುಂಡು ಎಷ್ಟೋ ವಾಸಿ. ಗುಂಡು ಹೊಡೆಯಲು ಫಾರ್ಮಿನಲ್ಲಿ ಒಬ್ಬರೇ ಇದ್ದರು, ಕೊಡಗಿನ ಒಬ್ಬ ನಿವೃತ್ತ ಹವಿಲ್ದಾರರು. ಕಾವಲೂ ಅವರದೇ, ಬಂದೂಕುಗಳ ಕಪಾಟಿನ ಕೀಲಿಯೂ ಅವರದೇ. ದಿನಕ್ಕೆ ಅಷ್ಟೊಂದು ಜಿಂಕೆ ಒಬ್ಬರಿಂದ ಆಗುವ ಕೆಲಸವಾಗಿರಲಿಲ್ಲ.

"ಡಾಕ್ಟರ್, ತುಮ್ ಭೀ ಸೀಖೋ. ಹವಿಲ್ದಾರ್ ಸಿಖಾಯೇಗಾ. ಯಲ್ಲಾ," ಎಂದರು ಅರ್ಬಾಬ್, ನೀನೂ ಕಲಿ, ಹವಿಲ್ದಾರ ಕಲಿಸುತ್ತಾನೆ, ಹೂಂ, ನಡೆ ಎಂದು. ತೀರ ಹತ್ತಿರದಿಂದ ಮಾತ್ರ ಅರಿವಳಿಕೆ ಸೂಜಿ ಹಾರಿಸಬಲ್ಲ ಗನ್ನಿಗೆಂದು ನನಗೆ ಮೊದಲೇ ಪರ್ಮಿಟ್ ಇತ್ತು. ಮುಂದಿನದು ಅವರ ಆಫೀಸಿನವರು ನೋಡಿಕೊಂಡರು.

ಪಾಠ ಶುರುವಾದದ್ದು ಗುಂಡಿಲ್ಲದೆ. ಹವಿಲ್ದಾರರು ಖಾಲಿ ರೈಫಲ್ಲನ್ನು ನನ್ನ ಕೈಗೆ ಕೊಟ್ಟು, ನಳಿಗೆಯ ತುದಿಯ ಮೇಲೆ ಒಂದು ದಿರ್ಹಮ್ ನಾಣ್ಯ ಇಟ್ಟರು. ಬಂದೂಕಿನ ಕುದುರೆ, ಅಂದರೆ ಟ್ರಿಗರ್, ಎಳೆದಾಗ ನಾಣ್ಯ ಬೀಳಬಾರದು. ಬೀಳುತ್ತಲೇ ಇತ್ತು. ಮರಳಿನಿಂದ ಅದನ್ನು ಹೆಕ್ಕಿ, ಬನಿಯನ್ನಿಗೆ ಒರೆಸಿ, ಮತ್ತೆ ಇಡುತ್ತಿದ್ದರು.

"ಎಳೀಬೇಡಿ ಡಾಕ್ಟ್ರೇ, ಒತ್ತಿ. ಬಾವಿ ಹಗ್ಗ ಅಲ್ಲ ಅದು. ಉಸಿರು ಬಿಡಿ, ಪೂರ್ತಿ ಬಿಡಿ. ಇನ್ನೊಂದು ಉಸಿರು ಬೇಕು ಅನ್ನಿಸೋ ಮೊದ್ಲು ಒಂದು ಖಾಲಿ ಜಾಗ ಸಿಗ್ತದೆ. ಅಲ್ಲಿ ಒತ್ತಿ."

"ಖಾಲಿ ಜಾಗದಾಗ ನನಗ ಬರೇ ನನ್ನ ಎದಿ ಹೊಡಕೊಳ್ಳೂದು ಕೇಳಸ್ತದ್ರೀ," ಎಂದೆ.

"ಕೇಳ್ಲಿ. ಬದುಕಿದ್ದೀರಿ ಅಂತ ಅರ್ಥ. ರೈಫಲ್ಲನ್ನ ಮಾಂಸದ ಮೇಲೆ ಹಿಡೀಬೇಡಿ, ಮೂಳೆ ಮೇಲೆ ಇಡಿ. ಮಾಂಸ ನಡುಗ್ತದೆ, ಮೂಳೆ ನಡುಗೋಲ್ಲ."

ಮಲಗಿ, ಕೂತು, ಮಂಡಿಯೂರಿ, ಕೊನೆಗೆ ಎರಡು ಕೋಲುಗಳನ್ನು ಕತ್ತರಿಯಾಗಿ ಕಟ್ಟಿ ಅದರ ಮೇಲೆ ರೈಫಲ್ ಊರಿ ನಿಂತು, ಹೀಗೆ ಎಲ್ಲ ಭಂಗಿಗಳಲ್ಲೂ ಕಲಿಸಿದರು. ಮರಳಿನ ದಿಬ್ಬಕ್ಕೆ ಆನಿಸಿದ ಆಯಿಲ್ ಡ್ರಮ್ಮಿನ ಮುಚ್ಚಳ ನಮ್ಮ ಗುರಿ. ಗುಂಡು ಹೊರಟ ಮೇಲೂ ಕಣ್ಣು ತೆಗೆಯಬಾರದು, ಕೆನ್ನೆ ಎತ್ತಬಾರದು. ಏನು ಮಾಡಿದೆ ಎಂದು ನೋಡುವ ಆಸೆಗೆ ತಲೆ ಎತ್ತುವವನೇ ಗುರಿ ತಪ್ಪುತ್ತಾನೆ ಎಂದು ಅವರು ಬೈಯುತ್ತಿದ್ದರು. ಬೈಗುಳ ಮಾತ್ರ ಅಪ್ಪಟ ಫೌಜಿ ಹಿಂದಿಯದು, ಇಲ್ಲಿ ಬರೆಯುವಂಥದ್ದಲ್ಲ.

ಗುರುವಾರ ಫ್ಲ್ಯಾಟಿಗೆ ಹೋದಾಗಲೂ ಆ ಹುಚ್ಚು ಬಿಡುತ್ತಿರಲಿಲ್ಲ. ಹಾಲಿನ ಸೋಫಾಕ್ಕೆ ಬೆನ್ನು ಕೊಟ್ಟು ಕೂತು, ಕೊಡೆ ಹಿಡಿದು, ಎದುರಿನ ಕಟ್ಟಡದ ಏಸಿಯೊಂದಕ್ಕೆ ಗುರಿಯಿಟ್ಟು ಉಸಿರು ಬಿಡುತ್ತಿದ್ದೆ. ನನ್ನ ಹೆಂಡತಿ ಬಂದು ಪರದೆ ಎಳೆದಳು. "ಏನ್ರೀ ಇದು? ಆ ಮನಿಯವ್ರು ಪೊಲೀಸರಿಗೆ ಫೋನ್ ಮಾಡಿದ್ರ ಏನ್ ಹೇಳ್ತೀರಿ? ಕೊಡಿ ಅದ, ಅಂತೀರೇನು? ಮಳೀ ಇಲ್ಲದ ಊರಾಗ!" ಎಂದು ನಕ್ಕಳು. ಮೊದಲ ಜಿಂಕೆಯನ್ನು ಹೊಡೆದ ವಾರ ನಾನು ಕೊಡೆ ಮುಟ್ಟಲಿಲ್ಲ, ಅವಳು ನಗಲಿಲ್ಲ. ನಾನು ಬಂದ ಕೂಡಲೇ ಸ್ನಾನಕ್ಕೆ ಹೋಗಿ ಬಹಳ ಹೊತ್ತು ಹೊರಗೆ ಬರಲಿಲ್ಲವೆಂದು ಅವಳು ಆಮೇಲೆ ಹೇಳಿದಳು. ಸತ್ತ ಜಿಂಕೆಗಳನ್ನು ನೂರಾರು ಕುಯ್ದು ನೋಡಿದವನು ನಾನು. ಆದರೂ ಆ ಒಂದು ಬೇರೆಯಾಗಿತ್ತು. ರೋಗದ ಜಿಂಕೆ, ನಾಳೆ ಹೇಗೂ ಸಾಯುವಂಥದ್ದು ಎಂದು ನನಗೆ ನಾನೇ ಹೇಳಿಕೊಂಡು ಸಾಕಾಯಿತು.

ರೋಗ ಇಳಿಯಿತು. ಚಳಿಗಾಲ ಬಂತು, ಅತಿಥಿಗಳ ಕಾಲ. ಆಗ ನನಗೆ ಇನ್ನೊಂದು ಬಗೆಯ ಗುರಿ ಗೊತ್ತಾಯಿತು. ಫಾರ್ಮಿನ ಅಡುಗೆಯವರು ಭಟ್ಕಳದವರು, ಐದು ಹೊತ್ತಿನ ನಮಾಜು ತಪ್ಪಿಸದ ಹಿರಿಯರು. ಹವಿಲ್ದಾರರು ಮುಸ್ಲಿಮರಲ್ಲ, ಅವರ ಗುಂಡಿಗೇ ಸತ್ತದ್ದು ಹಲಾಲ್ ಆಗದು. ಜಿಂಕೆಯಲ್ಲಿ ಇನ್ನೂ ಜೀವ ಇರುವಾಗಲೇ ಈ ಅಡುಗೆಯವರು ಹೋಗಿ, ದೇವರ ಹೆಸರು ಹೇಳಿ ಕತ್ತಿ ಹಾಕಬೇಕು. ಅದಕ್ಕೆ ಹವಿಲ್ದಾರರು ಹೆಗಲಿನ ಮೇಲ್ಭಾಗಕ್ಕೆ ಹೊಡೆಯುತ್ತಿದ್ದರು. ಜಿಂಕೆ ನಿಂತಲ್ಲೇ ಕುಸಿಯುತ್ತದೆ, ಜೀವ ಒಂದೆರಡು ಗಳಿಗೆ ತಡೆಯುತ್ತದೆ. ಅಷ್ಟರಲ್ಲಿ ಪಿಕಪ್ಪಿನ ಮರೆಯಿಂದ ಅಡುಗೆಯವರು ಓಡಬೇಕು. ಅವರಿಗೆ ಮಂಡಿನೋವು. ಹಾಗಾಗಿ ಹವಿಲ್ದಾರರು ತೆವಳಿಕೊಂಡು ತೀರ ಹತ್ತಿರ ಹೋಗುತ್ತಿದ್ದರು.

"ಇಷ್ಟು ಹತ್ರ ಯಾಕ ಹೋಗ್ತೀರಿ? ನಿಮ್ಮ ಗುರಿಗೆ ಇದರ ಎರಡರಷ್ಟು ದೂರ ಆದರೂ ಸಾಕಲ್ಲ?" ಎಂದು ಒಮ್ಮೆ ಕೇಳಿದೆ.

"ದೂರ ನನ್ನ ರೈಫಲ್ಲಿಂದ ಅಳೆಯೋದಲ್ಲ, ಅವನ ಮಂಡಿಯಿಂದ ಅಳೆಯೋದು," ಎಂದರು. "ಅವನು ತಡ ಮಾಡಿದ್ರೆ ಆ ಪ್ರಾಣಿ ಸುಮ್ನೆ ಬಿದ್ಕೊಂಡು ಆಕಾಶ ನೋಡ್ತದೆ. ಪಾಪ ಅಲ್ವಾ?"

ಅಡುಗೆಯವರ ಕತ್ತಿ ಎಷ್ಟು ಹರಿತವೆಂದರೆ ಜಿಂಕೆಗೆ ತಿಳಿಯುವ ಮೊದಲೇ ಎಲ್ಲ ಮುಗಿದಿರುತ್ತಿತ್ತು. ಒಂದು ಕೈಯಿಂದ ಅದರ ಕಣ್ಣು ಮುಚ್ಚುತ್ತಿದ್ದರು. ಎಂದಾದರೂ ತಲುಪುವ ಮೊದಲೇ ಪ್ರಾಣ ಹೋಗಿದ್ದರೆ ಕತ್ತಿಯನ್ನು ಹಾಗೇ ಒರೆಗೆ ಹಾಕಿ ಎದ್ದುಬಿಡುತ್ತಿದ್ದರು. ಯಾರೂ ನೋಡುತ್ತಿರಲಿಲ್ಲ, ಸುಳ್ಳು ಹೇಳಬಹುದಿತ್ತು. ಅವರು ಎಂದೂ ಹೇಳಲಿಲ್ಲ.

ಆ ಚಳಿಗಾಲದ ಆರಂಭದಲ್ಲೇ ನನಗೆ ಅನುಮಾನ ಬಂತು. ಮೊದಲೆಲ್ಲ ನಾನು ಹೊಡೆದ ಕೂಡಲೇ, ಮಲಗಿದ್ದಲ್ಲಿಂದಲೇ ಗುಂಡು ಎಲ್ಲಿ ತಗುಲಿತೆಂದು ಹೇಳುತ್ತಿದ್ದ ಹವಿಲ್ದಾರರು ಈಗ ಎದ್ದು ಮುಚ್ಚಳದವರೆಗೆ ನಡೆದುಹೋಗಿ, ತೂತಿನ ಮೇಲೆ ಬೆರಳಿಟ್ಟು ನೋಡುತ್ತಿದ್ದರು. ಒಂದು ಬೆಳಿಗ್ಗೆ ಅವರು ಬಿಸಿಲಿಗೆ ಮುಖ ಮಾಡಿ ನಿಂತಾಗ ಬಲಗಣ್ಣಿನೊಳಗೆ ಬೂದು ಬಣ್ಣದ ಪೊರೆ ಕಂಡಿತು. ಮುದಿ ನಾಯಿಗಳ ಕಣ್ಣಲ್ಲಿ ಎಷ್ಟು ಸಲ ನೋಡಿಲ್ಲ ನಾನು ಅದನ್ನು.

"ಆಪರೇಷನ್ ಮಾಡಿಸಬೇಕು," ಎಂದೆ.

"ಮಾಡಿಸ್ತೀನಿ. ಏಪ್ರಿಲಲ್ಲಿ ರಜೆ. ಮೈಸೂರಲ್ಲಿ ಮಾಡಿಸ್ಕೊಂಡು ಹೊಸ ಕಣ್ಣಲ್ಲಿ ಬರ್ತೀನಿ. ಇಲ್ಲಿ ಆಸ್ಪತ್ರೆಗೆ ಹೋದ್ರೆ ಕಾಗದ ಆಫೀಸಿಗೆ ಹೋಗ್ತದೆ. ಕಣ್ಣಿಲ್ಲದ ಗಾರ್ಡಿಗೆ ಬಂದೂಕಿನ ಪರ್ಮಿಟ್ ಯಾರು ಕೊಡ್ತಾರೆ? ಖಲಾಸ್. ಊರಲ್ಲಿ ಈ ವಯಸ್ಸಿನವನಿಗೆ ಬ್ಯಾಂಕಿನ ಬಾಗಿಲು ಕಾಯೋ ಕೆಲಸವೂ ಇಲ್ಲ." ರೈಫಲ್ಲನ್ನು ನನ್ನ ಕೈಗಿಟ್ಟು ಹೇಳಿದರು: "ಏಪ್ರಿಲ್‌ವರೆಗೆ ನೀವು ಹೊಡೀರಿ. ನಾನು ಪಕ್ಕದಲ್ಲಿ ಮಲಗ್ತೀನಿ."

ಅತಿಥಿಗಳ ಜಿಂಕೆ ಹೊಡೆಯುವುದು ಸೂರ್ಯ ಏರುವ ಮೊದಲು, ಅವರು ಬರುವ ಮುಂಚೆ. ಅಲ್ಲಿ ಇರುತ್ತಿದ್ದವರು ನಾವು ಮೂವರೇ. ಅಡುಗೆಯವರಿಗೆ ಹೇಳಿದಾಗ, "ಗುಂಡು ಇವ್ರದ್ದಾದ್ರೆ ಎಂತ, ಅವ್ರದ್ದಾದ್ರೆ ಎಂತ ಮಾರಾಯ್ರೆ. ಕತ್ತಿ ನಂದಲ್ವ," ಎಂದರು. ಹಾಗೆ ಚಳಿಗಾಲ ಸಾಗಿತು. ನಾನು ಒತ್ತುತ್ತಿದ್ದೆ, ಹವಿಲ್ದಾರರು ಪಕ್ಕದಲ್ಲಿ ಮಲಗಿ ನನ್ನ ಉಸಿರನ್ನು ಕೇಳಿಸಿಕೊಳ್ಳುತ್ತಿದ್ದರು, ಅಡುಗೆಯವರು ಕುಂಟುತ್ತ ಓಡುತ್ತಿದ್ದರು. ಅರ್ಬಾಬ್ ಊಟದ ಮೇಲೆ ಹವಿಲ್ದಾರರ ಬೆನ್ನು ತಟ್ಟುತ್ತಿದ್ದರು. ಮಾರ್ಚ್ ಬಂತು. ಇನ್ನೇನು ದಾಟಿದೆವು ಎಂದುಕೊಂಡೆ.

ಒಂದು ಬುಧವಾರ ಅತಿಥಿಗಳು ಬೇಟೆಯನ್ನು ಕಣ್ಣಾರೆ ನೋಡಬೇಕೆಂದರು. ಬಂದದ್ದು ತಡವಾಗಿ, ಬಿಸಿಲು ನೆತ್ತಿಗೇರುವ ಹೊತ್ತಿಗೆ. ಮರಳಿನಿಂದ ಝಳ ಎದ್ದು ದೂರದ ಜಿಂಕೆಗಳೆಲ್ಲ ನೀರಿನಲ್ಲಿ ನಿಂತಂತೆ ಅಲುಗುತ್ತಿದ್ದವು. ಅರ್ಬಾಬ್ ಹೆಮ್ಮೆಯಿಂದ, "ಹವಿಲ್ದಾರ್, ಯಲ್ಲಾ," ಎಂದರು. ನಾನು ಮುಂದೆ ಬಂದು, ಈ ಬಿಸಿಲಿನಲ್ಲಿ ಹೊಡೆಯುವುದು ಬೇಡ, ಸಂಜೆ ನೋಡೋಣ ಎಂದೆ. ಒಬ್ಬ ಅತಿಥಿ ನಕ್ಕ. ಹವಿಲ್ದಾರರು ನನ್ನ ಕಡೆ ನೋಡದೆ ರೈಫಲ್ ತೆಗೆದುಕೊಂಡರು.

ಬಲ ಹೆಗಲಿಗೆ ರೈಫಲ್ಲಿನ ಹಿಂಬದಿ ಊರಿ, ಎಡಗಣ್ಣಿನಿಂದ ನೋಡಲು ತಲೆಯನ್ನು ಆಚೆಗೆ ಹೊರಳಿಸಿದರು. ಅಂಥ ಭಂಗಿಯನ್ನು ನನ್ನಲ್ಲಿ ಕಂಡಿದ್ದರೆ ಅವರೇ ಒದ್ದು ಎಬ್ಬಿಸುತ್ತಿದ್ದರು. ಜೀವಮಾನವೆಲ್ಲ ಬಲಗಣ್ಣಿಗೆ ಕಲಿಸಿದ ಮೈ ಅದು. ಅವರ ಉಸಿರು ನನಗೆ ಕೇಳುತ್ತಿತ್ತು. ಖಾಲಿ ಜಾಗ ಬಂತು, ಹೋಯಿತು, ಅವರು ಒತ್ತಲಿಲ್ಲ. ಮತ್ತೆ ಬಂತು. ಆಮೇಲೆ ಎಳೆದರು.

ಗುಂಡು ಹೊಟ್ಟೆಗೆ ತಗುಲಿತು. ಜಿಂಕೆ ಬೆನ್ನು ಬಾಗಿಸಿಕೊಂಡು ಓಡಿತು. ಅಡುಗೆಯವರು ಕತ್ತಿ ಹಿಡಿದು ಹಿಂದೆ ಓಡಿದರು, ಅವರನ್ನು ಕಂಡು ಅದು ಇನ್ನೂ ದೂರ ಹೋಯಿತು. ನಿಲ್ಲುತ್ತದೆ, ಅವರು ಹತ್ತಿರವಾಗುತ್ತಾರೆ, ಮತ್ತೆ ಓಡುತ್ತದೆ. ಅದರ ಕರುಳು ನೇತಾಡುತ್ತಿದ್ದದ್ದು ನನಗೆ ಕಾಣುತ್ತಿತ್ತು. ಹೀಗೆ ಎಷ್ಟು ಹೊತ್ತು ನಡೆಯುತ್ತದೆ ಎಂದು ಅಲ್ಲಿದ್ದವರಲ್ಲಿ ನನಗೊಬ್ಬನಿಗೇ ಗೊತ್ತಿತ್ತು. ಹವಿಲ್ದಾರರು ಇನ್ನೂ ಅದೇ ದಿಕ್ಕಿಗೆ ಮುಖ ಮಾಡಿದ್ದರು, ಆದರೆ ಅವರು ನೋಡುತ್ತಿದ್ದ ಕಡೆ ಜಿಂಕೆ ಇರಲಿಲ್ಲ.

ಅವರ ಕೈಯಿಂದ ರೈಫಲ್ ಕಸಿದುಕೊಂಡೆ. ಅಡುಗೆಯವರನ್ನು ಕೂಗಿ ಪಕ್ಕಕ್ಕೆ ಸರಿಯಲು ಹೇಳಿದೆ. ಕೂತೆ, ಮೊಣಕೈಯನ್ನು ಮಂಡಿಯ ಮೂಳೆಗೆ ಕೊಟ್ಟೆ, ಉಸಿರು ಬಿಟ್ಟೆ. ಹೆಗಲ ಮೇಲ್ಭಾಗವನ್ನು ನೋಡಲೇ ಇಲ್ಲ. ಅಷ್ಟು ದೂರ ಯಾವ ಕತ್ತಿಯೂ ಹೊತ್ತಿಗೆ ತಲುಪುವಂತಿರಲಿಲ್ಲ. ಎದೆಗೆ ಗುರಿಯಿಟ್ಟು ಒತ್ತಿದೆ. ಜಿಂಕೆ ನಿಂತಲ್ಲೇ ಬಿದ್ದು ಹೋಯಿತು. ನಾನು ಕೆನ್ನೆ ಎತ್ತಲಿಲ್ಲ. ನನ್ನ ಬದುಕಿನಲ್ಲಿ ಅದಕ್ಕಿಂತ ಒಳ್ಳೆಯ ಗುಂಡು ನಾನು ಹೊಡೆದಿಲ್ಲ.

ಅಡುಗೆಯವರು ತಲುಪಿ, ಬಗ್ಗಿ ಕಣ್ಣು ನೋಡಿ, ಕತ್ತಿಯನ್ನು ಒರೆಗೆ ಹಾಕಿದರು. ಹಿಂದಿರುಗಿ ಬಂದು ಅರ್ಬಾಬರೆದುರು ತಲೆ ತಗ್ಗಿಸಿ, ಜೀವ ಮಾಫಿ, ಅಂದರೆ ಜೀವ ಇಲ್ಲ, ಈ ಮಾಂಸ ಆಗುವುದಿಲ್ಲ ಎಂದರು. ಅರ್ಬಾಬ್ ನನ್ನನ್ನು ನೋಡಿದರು, ರೈಫಲ್ಲನ್ನು ನೋಡಿದರು. ಆಮೇಲೆ ಹವಿಲ್ದಾರರ ಗಲ್ಲ ಹಿಡಿದು ಮುಖವನ್ನು ಬಿಸಿಲಿಗೆ ತಿರುಗಿಸಿ ಆ ಕಣ್ಣನ್ನು ನೋಡಿದರು. ಕೂಗಾಡಲಿಲ್ಲ. "ನನ್ನ ಅತಿಥಿಗಳ ನಡುವೆ ಕಣ್ಣಿಲ್ಲದ ಬಂದೂಕು," ಎಂದಷ್ಟೇ ಹಿಂದಿಯಲ್ಲಿ ಹೇಳಿದರು. ಅವರ ಮಾತು ತಪ್ಪಲ್ಲ. ಅದಕ್ಕೇ ನನಗೆ ಇನ್ನೂ ಸಿಟ್ಟು. ಯಾರ ಮೇಲೆ ಮಾಡಿಕೊಳ್ಳಬೇಕೋ ತಿಳಿಯದ ಸಿಟ್ಟು. ಇವತ್ತು ಆ ಜಿಂಕೆ ಹಾಗೆ ಓಡಿದರೂ ನಾನು ಹೊಡೆಯುತ್ತೇನೆ.

ಸಂಜೆಗೆ ಅರ್ಬಾಬ್ ಕಪಾಟಿನ ಕೀಲಿಯನ್ನು ನನ್ನ ಕೈಗೆ ಕೊಟ್ಟರು. ಬೇಡವೆಂದೆ. "ಡಾಕ್ಟರ್, ಔರ್ ಕೌನ್ ಹೈ?" ಎಂದರು, ಬೇರೆ ಯಾರಿದ್ದಾರೆ ಎಂದು. ಹೆಂಡತಿಗೆ ಆಗ ಏಳು ತಿಂಗಳು. ನನ್ನ ವೀಸಾ, ಅವಳ ವೀಸಾ ಎರಡೂ ಆ ಫಾರ್ಮಿನವು. ಕೀಲಿ ಜೇಬಿಗೆ ಹಾಕಿಕೊಂಡೆ.

ವೀಸಾ ರದ್ದಾಗಿ ಹವಿಲ್ದಾರರು ಹೊರಟ ದಿನ ನಾನೇ ಏರ್‌ಪೋರ್ಟಿಗೆ ಬಿಟ್ಟೆ. ಗಾಡಿ ನಿಲ್ಲಿಸಿ, ಅವರ ಸೂಟ್‌ಕೇಸು ಟ್ರಾಲಿಗೆ ಏರಿಸುವಾಗ ಕ್ಷಮೆ ಕೇಳಲು ಬಾಯಿ ತೆರೆದೆ. ಅವರು ಕೈ ಅಡ್ಡ ಹಿಡಿದರು.

"ನನಗೆ ಕಾಣ್ಲಿಲ್ಲ ಡಾಕ್ಟ್ರೇ, ಸದ್ದು ಮಾತ್ರ ಕೇಳ್ತು. ಆ ದಿನ ಎಳೆದ್ರಾ, ಒತ್ತಿದ್ರಾ?"

"ಒತ್ತಿದೆ."

"ನಾನು ಎಳೆದೆ," ಎಂದರು. ಕೋಟಿನ ಗುಂಡಿ ಹಾಕಿಕೊಂಡರು. "ಕೀಲಿ ನಿಮ್ಮ ಹತ್ರ ಬಂತಾ?"

"ಬಂತು."

"ಹತ್ರ ಹೋಗಿ ಹೊಡೀರಿ. ನಿಮಗೆ ದೂರದಿಂದ ಹೊಡೆಯೋಕೆ ಬರ್ತದೆ ಅಂತ ದೂರ ನಿಲ್ಬೇಡಿ. ಅವನ ಮಂಡಿ ಈ ವರ್ಷ ಇನ್ನೂ ಕೆಟ್ಟಿದೆ."

ಟ್ರಾಲಿ ತಳ್ಳಿಕೊಂಡು ಒಳಗೆ ಹೋದರು. ಮುಂದಿನ ಚಳಿಗಾಲದಲ್ಲಿ ಅರ್ಬಾಬರ ಅತಿಥಿಗಳು ಬಂದರು, ನಾನು ತೆವಳಿಕೊಂಡು ಹತ್ತಿರ ಹೋದೆ. ಪಕ್ಕದಲ್ಲಿ ಮಲಗಿ ನನ್ನ ಉಸಿರು ಕೇಳಿಸಿಕೊಳ್ಳುವವರು ಯಾರೂ ಇರಲಿಲ್ಲ.